ಹಗ್ಗ ಹರಿದಿರಲಿಲ್ಲ

ಹಂದನಕೆರೆಯಿಂದ ಮೂರು ಮೈಲಿ ಒಳಗಿದ್ದ ಊರೊಂದಕ್ಕೆ ನಾನು ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿ ಹೋದಾಗ ನನಗೆ ಇಪ್ಪತ್ತಾರು ವರ್ಷ. ಎಪ್ಪತ್ತರ ದಶಕ ಅರ್ಧ ಕಳೆದಿತ್ತು. ಅಷ್ಟು ಹೊತ್ತಿಗಾಗಲೇ ನಾನು ಗುಟ್ಟಾಗಿ ದೆವ್ವದ ಕಥೆಗಳನ್ನು ಬರೆಯುತ್ತಿದ್ದೆ. ಸರ್ಕಾರಿ ನೌಕರ ಇಲಾಖೆಯ ಅನುಮತಿ ಇಲ್ಲದೆ ಪತ್ರಿಕೆಗೆ ಬರೆದು ಸಂಭಾವನೆ ತೆಗೆದುಕೊಳ್ಳುವಂತಿರಲಿಲ್ಲ. ಅನುಮತಿ ಕೇಳಲು ಹೋದರೆ ಏನು ಬರೀತೀಯಪ್ಪ ಅನ್ನುತ್ತಿದ್ದರು. ಮಕ್ಕಳಿಗೆ ಕಾಗುಣಿತ ಹೇಳಿಕೊಡುವವನು ದೆವ್ವ, ಕೊಲೆ ಅಂತ ಬಾಯಿಬಿಟ್ಟು ಹೇಳುವುದಾದರೂ ಹೇಗೆ? ಅದಕ್ಕೇ ಬೇರೆ ಹೆಸರು ಇಟ್ಟುಕೊಂಡಿದ್ದೆ. ಆ ಹೆಸರಿನ ಹಿಂದೆ ಇರುವವನು ನಾನು ಅಂತ ಗೊತ್ತಿದ್ದದ್ದು ಬೆಂಗಳೂರಿನ ಸಂಪಾದಕರಿಗೆ, ಮತ್ತೆ ನನ್ನ ಹೆಂಡತಿಗೆ.

ನನ್ನ ಮೊದಲ ಕಥೆ ಹುಟ್ಟಿದ್ದು ತಿಪಟೂರಿನಲ್ಲಿ, ನಾನು ಬೆಳೆದ ಮನೆಯ ಅಟ್ಟದಲ್ಲಿ. ಕೊಬ್ಬರಿಯಾಗಲಿ ಅಂತ ಕಾಯಿಗಳನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೇ ಬಿಟ್ಟಿರುತ್ತಿದ್ದರು. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡ ಮೇಲೆ ಒಂದು ಇಲಿ ಓಡಾಡಿದರೂ ಸಾಕು, ತಲೆಯ ಮೇಲೆ ಲೊಡಲೊಡ ಅಂತ ಸದ್ದು. ಅಟ್ಟದಲ್ಲಿ ಕೂಡಿಹಾಕಿದ್ದ ಸೊಸೆಯೊಬ್ಬಳು ಸತ್ತ ಮೇಲೂ ಅಲ್ಲೇ ಓಡಾಡುತ್ತಾಳೆ ಅಂತ ಬರೆದೆ. ಅಚ್ಚಾಯಿತು. ಅದನ್ನು ಓದಿದ ಮೇಲೆ ತನ್ನ ಅತ್ತೆ ಅಟ್ಟ ಹತ್ತುವುದನ್ನೇ ಬಿಟ್ಟುಬಿಟ್ಟಿದ್ದಾರೆ ಅಂತ ಯಾವುದೋ ಊರಿನ ಹೆಣ್ಣುಮಗಳೊಬ್ಬಳು ಪತ್ರಿಕೆಗೆ ಕಾಗದ ಬರೆದಿದ್ದಳು. ಸಂಪಾದಕರು ಅದನ್ನು ನನಗೆ ಕಳಿಸಿಕೊಟ್ಟರು. ಎಷ್ಟು ಹೆಮ್ಮೆಪಟ್ಟಿದ್ದೆ ಅಂದರೆ, ಆ ಕಾಗದವನ್ನು ಮದುವೆ ಫೋಟೋಗಳ ಜೊತೆ ಟ್ರಂಕಿನಲ್ಲಿ ಇಟ್ಟಿದ್ದೆ. ನಾನು ಕಾಣದ ಮುದುಕಿಯೊಬ್ಬಳು ನಾನು ಬರೆದದ್ದಕ್ಕೆ ಹೆದರಿದ್ದಾಳೆ ಅನ್ನುವುದೇ ಒಂದು ಅಮಲು.

ದೆವ್ವದ ಕಥೆ ಬರೆಯುವವರು ಸರಿರಾತ್ರಿಯಲ್ಲಿ ಬರೆಯುತ್ತಾರೆ ಅಂತ ಜನ ಅಂದುಕೊಳ್ಳುತ್ತಾರೆ. ನಾನು ಬರೆಯುತ್ತಿದ್ದದ್ದು ಬೆಳಗಿನ ಐದೂವರೆಯಿಂದ ಎಂಟರವರೆಗೆ, ರಾಗಿ ಗಂಜಿ ಕುಡಿದುಕೊಂಡು, ಪಡಸಾಲೆಯಲ್ಲಿ ಕೂತು. ಸ್ಕೂಲು ಮುಗಿಸಿ ಬರುವಷ್ಟರಲ್ಲಿ ಹೆಂಡತಿ ಅದನ್ನು ತನ್ನ ದುಂಡು ಅಕ್ಷರದಲ್ಲಿ ಪ್ರತಿ ಮಾಡಿಟ್ಟಿರುತ್ತಿದ್ದಳು. ಅವಳದು ನೊಣವಿನಕೆರೆ ಕಡೆ, ಎಸ್ಸೆಸ್ಸೆಲ್ಸಿ ಓದಿದ್ದಳು. "ಇಲ್ಲಿ ಭಯ ಆಗಲ್ಲ ಕಣ್ರೀ, ಬಾಗಿಲು ತೆಗೆಯೋದನ್ನ ಇನ್ನೂ ತಡ ಮಾಡಿ" ಅನ್ನುತ್ತಿದ್ದಳು. ಅವಳು ಹೇಳಿದ್ದು ಸರಿಯಾಗಿಯೇ ಇರುತ್ತಿತ್ತು.

ದೆವ್ವದಿಂದ ಪತ್ತೇದಾರಿಗೆ ಬಂದೆ. ಎರಡು ಧಾರಾವಾಹಿ ಬಂದವು, ಎರಡೂ ಪಾಕೆಟ್ ಪುಸ್ತಕಗಳಾದವು. ರಟ್ಟಿನ ಮೇಲೆ ಒಂದು ಚಾಕು, ಒಬ್ಬಳು ಹೆಂಗಸು, ಕೆಂಪು ಬಣ್ಣ. ತಿಪಟೂರಿನಲ್ಲಿ ಬಸ್ ಸ್ಟ್ಯಾಂಡ್ ಹತ್ತಿರ ಬಾಡಿಗೆಗೆ ಪುಸ್ತಕ ಕೊಡುವ ಲೈಬ್ರರಿ ಇತ್ತು. ಒಂದು ದಿನ ಅಲ್ಲಿಗೆ ಹೋಗಿ ನನ್ನ ಪುಸ್ತಕವನ್ನೇ ಕೇಳಿದೆ. "ಹೊರಗೋಗೈತೆ ಸ್ವಾಮಿ, ಇನ್ನೂ ಮೂರ್ ಜನ ಕಾಯ್ತಾವ್ರೆ" ಅಂದ ಲೈಬ್ರರಿಯವನು. ಊರಿಗೆ ಬರುವ ಬಸ್ಸಿನಲ್ಲಿ ಒಬ್ಬನೇ ನಗುತ್ತಾ ಕೂತಿದ್ದೆ.

ಆದರೆ ನನ್ನ ಕೊಲೆಗಳೆಲ್ಲ ನಾನು ಕಾಣದ ಬಂಗಲೆಗಳಲ್ಲಿ, ನಾನು ಮುಟ್ಟದ ಪಿಸ್ತೂಲಿನಿಂದ ಆಗುತ್ತಿದ್ದವು. ಮೂರನೆಯ ಧಾರಾವಾಹಿಯ ಎರಡು ಕಂತು ಕಳಿಸಿದಾಗ ಸಂಪಾದಕರು ವಾಪಸು ಬರೆದರು: ಬಂಗಲೆ ಸಾಕು, ನಿಮ್ಮ ಕಡೆ ಬೇಕಾದಷ್ಟು ತೆಂಗಿನಮರಗಳಿವೆಯಲ್ಲ, ಅಲ್ಲೇ ಒಂದು ಕೊಲೆ ಮಾಡಿಸಿ, ಮಣ್ಣಿನ ವಾಸನೆ ಇರಲಿ. ಆ ಕಾಗದವನ್ನು ಮೇಜಿನ ಮೇಲಿಟ್ಟುಕೊಂಡು ಮೂರು ವಾರ ಕೂತೆ. ಏನೂ ಹೊಳೆಯಲಿಲ್ಲ.

ಆಗ ಅವನು ಮರದಿಂದ ಬಿದ್ದ.

ಅವನು ನಮ್ಮೂರಿನಲ್ಲಿ ಕಾಯಿ ಕೀಳುವವನು. ಎರಡೂ ಪಾದಕ್ಕೆ ಸೇರಿಸಿ ಒಂದು ಹಗ್ಗದ ಬಳೆ ಹಾಕಿಕೊಂಡು, ಅದನ್ನು ಮರಕ್ಕೆ ಒತ್ತಿ ಒತ್ತಿ, ಕಪ್ಪೆಯ ಹಾಗೆ ಮೇಲಕ್ಕೆ ಹೋಗುತ್ತಿದ್ದ. ಅವನ ಹೆಂಡತಿ ಕೆಳಗೆ ನಿಂತು ಬಿದ್ದ ಕಾಯಿಗಳನ್ನು ಗುಡ್ಡೆ ಹಾಕುತ್ತಿದ್ದಳು. ಇಬ್ಬರಿಗೂ ಆಗಾಗ ಜಗಳ; ಅವನು ಕುಡಿಯುತ್ತಿದ್ದ, ಅವಳ ಬಾಯಿ ಜೋರು. ಅವತ್ತು ಬೆಳಿಗ್ಗೆ ಕೂಡ ತೋಟಕ್ಕೆ ಹೋಗುವ ದಾರಿಯಲ್ಲಿ ಅವಳು, "ಬಿದ್ದು ಸಾಯಿ, ನಂಗೆ ನೆಮ್ದಿ" ಅಂತ ಕೂಗಿದ್ದನ್ನು ನಾಲ್ಕಾರು ಜನ ಕೇಳಿದ್ದರು. ಒಂದು ಗಂಟೆ ಕಳೆದಿರಲಿಲ್ಲ. ಮರದ ತುದಿಯಲ್ಲಿ ಅವನು ಹಿಡಿದ ಒಣಮಟ್ಟೆ ಬುಡಸಮೇತ ಕಿತ್ತು ಕೈಗೆ ಬಂತು.

ತೋಟ ನಮ್ಮ ಸ್ಕೂಲಿನ ಹಿಂದೆಯೇ ಇತ್ತು. ಅವಳ ಕೂಗು ಕೇಳಿ ಮೊದಲು ಓಡಿದವನು ನಾನು. ಮಟ್ಟೆ ಇನ್ನೂ ಅವನ ಕೈಯಲ್ಲೇ ಇತ್ತು. ಅವಳು ಪ್ರಜ್ಞೆ ತಪ್ಪಿ ಬಿದ್ದಿದ್ದಳು. ಆಮೇಲೆ ಜನ ಬಂದರು, ಗಾಡಿ ಕಟ್ಟಿದರು. ಅವನನ್ನು ಗಾಡಿಯ ಮೇಲೆ ಮಲಗಿಸುವ ಮುಂಚೆ ಕಾಲುಗಳನ್ನು ಬೇರೆ ಮಾಡಬೇಕಾಗಿತ್ತು. ಎಲ್ಲರೂ ಗಾಡಿಯ, ಅವಳ ಗಡಿಬಿಡಿಯಲ್ಲಿದ್ದಾಗ ಹಗ್ಗದ ಬಳೆಯನ್ನು ಅವನ ಪಾದಗಳಿಂದ ಬಿಡಿಸಿದವನು ನಾನೇ. ಬಿಗಿಯಾಗಿತ್ತು, ಬಿಡಿಸಲು ಕಷ್ಟವಾಯಿತು. ಎಲ್ಲೂ ಒಂದು ಎಳೆಯೂ ಹರಿದಿರಲಿಲ್ಲ. ಬಿಡಿಸಿ ಬದುವಿನ ಮೇಲೆ ಎಸೆದೆ. ಚಿಕ್ಕನಾಯಕನಹಳ್ಳಿ ಆಸ್ಪತ್ರೆ ತಲುಪುವಷ್ಟರಲ್ಲಿ ಅವನು ಇರಲಿಲ್ಲ.

ಅವತ್ತು ಸಂಜೆ ಮನೆಗೆ ಬಂದು ಕೈಕಾಲು ತೊಳೆದು ನಾನು ಮಾಡಿದ ಮೊದಲ ಕೆಲಸ ನೋಟ್‌ಬುಕ್ ತೆಗೆದದ್ದು. ಪಾದದ ಗಂಟುಗಳಲ್ಲಿ ಹಗ್ಗ ಉಜ್ಜಿ ಉಜ್ಜಿ ಕಟ್ಟಿದ್ದ ಜಡ್ಡು, ಅವನ ಬೀಡಿ ಕಟ್ಟು ಮರದ ಬುಡದಲ್ಲಿ ಹಾಗೇ ಇದ್ದದ್ದು, ಅವಳು ಬಿದ್ದಾಗ ಮಡಿಲಿನಿಂದ ಉರುಳಿದ ಎರಡು ಕಾಯಿ, ಎಲ್ಲ ಬರೆದುಕೊಂಡೆ. ಹೆಂಡತಿ ನೋಡಿ ಒಳಗೆ ಹೋದಳು.

ಮುಂದಿನ ವಾರದಿಂದ ಹೊಸ ಧಾರಾವಾಹಿಯ ಬರವಣಿಗೆ ಓಡತೊಡಗಿತು. ಕಾಯಿ ಕೀಳುವವನು, ಬಾಯಿಬಡುಕಿ ಹೆಂಡತಿ, ಅವಳು ಹಗ್ಗವನ್ನು ಮುಕ್ಕಾಲು ಭಾಗ ಕುಯ್ದು, ಕುಯ್ದ ಜಾಗ ಕಾಣದ ಹಾಗೆ ಜೇನುಮೇಣ ಮೆತ್ತುವುದು. ಮೇಣದ ಉಪಾಯ ಹೊಳೆದಾಗ ನಾನು ಕೂತಲ್ಲೇ ತೊಡೆ ತಟ್ಟಿಕೊಂಡಿದ್ದು ನೆನಪಿದೆ. ಊರಿನ ಹೆಸರು ಬೇರೆ ಇಟ್ಟೆ, ಸತ್ತವನಿಗೆ ಮೀಸೆ ಕೊಟ್ಟೆ. ಅಷ್ಟರಿಂದ ಎಲ್ಲ ಮರೆಯಾಯಿತು ಅಂದುಕೊಂಡೆ. ಪ್ರತಿ ಮಾಡುವಾಗ ಹೆಂಡತಿ ಪೆನ್ನು ಕೆಳಗಿಟ್ಟು, "ಇದು ಅವಳೇ ಅಲ್ವೇನ್ರೀ?" ಅಂದಳು.

"ಕಥೆ ಕಣೇ. ಈ ಊರಲ್ಲಿ ವಾರಪತ್ರಿಕೆ ಓದೋರು ಯಾರಿದಾರೆ?" ಅಂದೆ.

ಓದುವವರು ಇದ್ದರು. ಬಸ್ಸು ನಿಲ್ಲುವ ಕಡೆ ಟೀ ಅಂಗಡಿ ಇತ್ತು. ಅಂಗಡಿಯವನು ಚಿಕ್ಕನಾಯಕನಹಳ್ಳಿಯಿಂದ ವಾರಕ್ಕೊಂದು ಪ್ರತಿ ತರಿಸುತ್ತಿದ್ದ. ಅವನೇ ಗಟ್ಟಿಯಾಗಿ ಓದುತ್ತಿದ್ದ, ಬೆಂಚಿನ ಮೇಲೆ ಕೂತವರು ಕೇಳುತ್ತಿದ್ದರು. ಹಗ್ಗ ಕುಯ್ಯುವ ಕಂತು ಬಂದ ದಿನ ನಾನೂ ಅಲ್ಲಿದ್ದೆ. ಓದಿ ಮುಗಿಸಿ ಅವನು ಪತ್ರಿಕೆ ಮಡಚಿದ. ಒಬ್ಬ ಮುದುಕ, "ಅವತ್ತು ಆ ಹಗ್ಗ ಏನಾಯ್ತಲಾ?" ಅಂದ.

"ಯಾರಿಗ್ ಗೊತ್ತು. ಯಾರೂ ನೋಡ್ಲಿಲ್ಲ."

"ನೋಡ್ದಂಗೆ ಮಾಡವ್ಳೆ ಕಣ್ಲಾ."

ನಾನು ಟೀ ಲೋಟ ಹಿಡಿದು ಕೂತಿದ್ದೆ. ಆ ಹಗ್ಗ ಬಿಡಿಸಿದವನು ನಾನು, ಅದು ಗಟ್ಟಿಯಾಗಿತ್ತು ಅಂತ ಹೇಳಲು ನಾಲ್ಕು ಮಾತು ಸಾಕಿತ್ತು. ಹೇಳಲಿಲ್ಲ. ಇದು ನಿಮಗೆ ಹೆಂಗೆ ಗೊತ್ತು, ಬರೆದವನು ಯಾರು ಅಂತ ಮಾತು ಬೆಳೆದರೆ ನನ್ನ ಕೆಲಸಕ್ಕೇ ಕುತ್ತು ಬರುತ್ತದೆ ಅನ್ನುವ ಅಂಜಿಕೆ ಒಂದು. ಇನ್ನೊಂದನ್ನು ಹೇಳಲು ನಾಚಿಕೆಯಾಗುತ್ತದೆ: ಅಲ್ಲಿ ಕೂತವರು ನನ್ನ ಕಥೆಯನ್ನು ನಿಜ ಅಂತ ನಂಬಿದ್ದರು, ಅದು ನನಗೆ ಒಳಗೊಳಗೇ ಹಿತವಾಗಿತ್ತು.

ಎರಡು ವಾರದಲ್ಲಿ ಮಾತು ಹಂದನಕೆರೆಗೂ ಹೋಯಿತು. ಸತ್ತವನ ಅಣ್ಣ ಸ್ಟೇಷನ್ನಿಗೆ ಹೋಗಿ ದೂರು ಕೊಟ್ಟ. ಪೊಲೀಸರು ಬಂದು ಬದುವೆಲ್ಲ ಹುಡುಕಿದರು. ಹಗ್ಗವನ್ನು ಯಾವ ದನಗಾಹಿ ಎತ್ತಿಕೊಂಡು ಹೋಗಿದ್ದನೋ, ಸಿಗಲಿಲ್ಲ. ಸಿಗದೇ ಇದ್ದದ್ದೇ ಜನರಿಗೆ ಸಾಕ್ಷಿಯಾಯಿತು. ಅವಳನ್ನು ಎರಡು ದಿನ ಕರೆಸಿ ಕೂರಿಸಿಕೊಂಡರು. ಕೇಸು ಮಾಡಲು ಏನೂ ಇಲ್ಲದೆ ಬಿಟ್ಟರು. ಆದರೆ ತೋಟದವರು ಅವಳನ್ನು ಕೆಲಸಕ್ಕೆ ಕರೆಯುವುದು ನಿಲ್ಲಿಸಿದರು. ಅವಳ ಮಗಳು ನನ್ನ ಸ್ಕೂಲಿನಲ್ಲೇ ನಾಲ್ಕನೇ ಕ್ಲಾಸು. ಹುಡುಗರು ಅವಳನ್ನು "ಹಗ್ಗ ಕುಯ್ದೋಳ ಮಗಳು" ಅಂತ ಕರೆಯತೊಡಗಿದರು. ಮೂವರು ಹುಡುಗರಿಗೆ ಅಂಗೈ ಬಾತುಕೊಳ್ಳುವ ಹಾಗೆ ಹೊಡೆದೆ. ಅವರು ಅದನ್ನು ಸಿಟ್ಟು ಅಂದುಕೊಂಡರು.

ಒಂದು ದಿನ ಸ್ಕೂಲು ಬಿಟ್ಟ ಮೇಲೆ ಅವಳೇ ಬಂದಳು. ಮಗಳು ಪಕ್ಕದಲ್ಲಿ. ಸೆರಗಿನಲ್ಲಿ ಎರಡು ತೆಂಗಿನಕಾಯಿ.

"ಮೇಷ್ಟ್ರೇ, ನಂಗೊಂದು ಅರ್ಜಿ ಬರ್ಕೊಡಿ. ದೊಡ್ಡ ಸಾಹೇಬ್ರಿಗೆ. ನಾನು ಏನೂ ಮಾಡಿಲ್ಲ ಅಂತ."

"ನಿನ್ನನ್ನ ಬಿಟ್ಟಿದಾರಲ್ಲಮ್ಮ."

"ಪೊಲೀಸ್ನೋರು ಬುಟ್ರು. ಊರು ಬುಡ್ಲಿಲ್ವಲ್ಲ. ಅದ್ಯಾವನೋ ಪೇಪರ್ನಾಗೆ ಬರ್ದವ್ನಂತೆ, ಹೆಂಡ್ರೇ ಸಾಯ್ಸುದ್ಲು ಅಂತ. ಅವನ್ಯಾರು ಮೇಷ್ಟ್ರೇ? ಅವನೇನು ಇಲ್ಲಿ ಬಂದು ನೋಡಿದ್ನಾ? ನಿಮಗೆ ಓದು ಬತ್ತದೆ, ಅವನ ಊರ್ಯಾವ್ದು ಅಂತ ಹಾಕಿರ್ತಾರಲ್ಲ, ನೋಡಿ ಹೇಳಿ. ಹೋಗಿ ಕೇಳ್ತೀನಿ."

ನಾನು ಕಾಗದ ತೆಗೆದುಕೊಂಡೆ. ನನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಹಾಕಿ ಅರ್ಜಿ ಬರೆದೆ. ಅನಾಥೆಯಾದ ಹೆಣ್ಣು, ಪಿತೃಹೀನ ಬಾಲಕಿ, ಸುಳ್ಳು ಅಪವಾದ. ಓದಿ ಹೇಳಿದಾಗ ಅವಳು ಅತ್ತಳು. ಎಲ್ಲ ಬರೆದೆ, ಹಗ್ಗದ ಬಳೆಯನ್ನು ನಾನೇ ಬಿಡಿಸಿದೆ ಅನ್ನುವ ಒಂದು ಸಾಲನ್ನು ಬಿಟ್ಟು. ಅವಳು ಹೆಬ್ಬೆಟ್ಟು ಒತ್ತಿ, ಕಾಯಿ ಕೆಳಗಿಟ್ಟು ಹೋದಳು.

ಮನೆಗೆ ಬಂದು ಹೇಳಿದೆ. ಹೆಂಡತಿ ಆ ಎರಡು ಕಾಯಿಯನ್ನೂ ಎತ್ತಿಕೊಂಡು ಅವಳ ಮನೆಗೆ ಹೋಗಿ ಕೊಟ್ಟು, ಒಂದು ಗಂಟೆ ಕೂತು ಬಂದಳು.

"ಹೇಳಿಬಿಟ್ಯಾ?" ಅಂದೆ.

"ಹೇಳೋದು ನಿಮ್ಮ ಕೆಲಸ, ನಂದಲ್ಲ." ಅವತ್ತಿನಿಂದ ಅವಳು ನಾನು ಬರೆದದ್ದನ್ನು ಪ್ರತಿ ಮಾಡಲಿಲ್ಲ. ಓದಲೂ ಇಲ್ಲ. ಜಗಳವಾಡಲಿಲ್ಲ, ಮಾತು ಬಿಡಲಿಲ್ಲ. ಆ ಕೆಲಸ ಮಾತ್ರ ನಿಂತುಹೋಯಿತು.

ಕಥೆಯ ಕೊನೆಯನ್ನು ಬದಲಾಯಿಸಿದರೆ ಎಲ್ಲ ಸರಿಹೋಗುತ್ತದೆ ಅಂದುಕೊಂಡೆ. ಸತ್ತವನ ಹೆಂಡತಿ ನಿರಪರಾಧಿ, ಹಗ್ಗ ಕುಯ್ದವನು ತೋಟದ ಯಜಮಾನ ಅಂತ ಕೊನೆಯ ಎರಡು ಕಂತು ತಿರುಗಿಸಿ ಬರೆದೆ. ಮೊದಲಿನದೇ ಚೆನ್ನಾಗಿತ್ತು ಅಂತ ಸಂಪಾದಕರು ಗೊಣಗಿ ಹಾಕಿದರು. ಟೀ ಅಂಗಡಿಯಲ್ಲಿ ಅದನ್ನು ಓದಿದಾಗ ಒಬ್ಬನೂ ಒಪ್ಪಲಿಲ್ಲ. "ಯಾರೋ ಕೈವಾಡ ನಡ್ಸವ್ರೆ. ಮೊದ್ಲು ನಿಜ ಬರ್ದಿದ್ದ, ಆಮೇಲೆ ಬಾಯಿ ಮುಚ್ಸವ್ರೆ" ಅಂದ ಅಂಗಡಿಯವನು. ತಲೆಯಾಡಿಸಿದವರಲ್ಲಿ ನನ್ನ ಸಹೋದ್ಯೋಗಿ ಮೇಷ್ಟ್ರೂ ಒಬ್ಬರು.

ಆ ಬೇಸಿಗೆಯಲ್ಲಿ ಅವಳು ಊರು ಬಿಟ್ಟಳು. ಬೋರನಕಣಿವೆ ಕಡೆ ಅವಳ ತಮ್ಮನ ಮನೆ ಇತ್ತು, ಅಲ್ಲಿಗೆ. ಬಸ್ಸಿಗೆ ಪಾತ್ರೆಪಡಗ ಏರಿಸುವಾಗ ಯಾರೂ ಕೈ ಹಾಕಲಿಲ್ಲ. ನಾನು ಹೋಗಿ ಒಂದು ಗೋಣಿಚೀಲ ಎತ್ತಿಕೊಟ್ಟೆ. "ದೇವ್ರು ನಿಮ್ಮನ್ನ ಚೆನ್ನಾಗಿ ಇಟ್ಟಿರ್ಲಿ ಮೇಷ್ಟ್ರೇ" ಅಂದಳು.

ದೇವರು ಚೆನ್ನಾಗಿಯೇ ಇಟ್ಟ. ಆ ಕಾದಂಬರಿ ನನ್ನ ಹೆಸರನ್ನು, ಅಂದರೆ ಆ ಇನ್ನೊಂದು ಹೆಸರನ್ನು, ಊರೂರಿಗೆ ಮುಟ್ಟಿಸಿತು. ನಾಲ್ಕು ಸಲ ಅಚ್ಚಾಯಿತು. ಆಮೇಲೆ ಎಂಟು ವರ್ಷದಲ್ಲಿ ಹತ್ತೊಂಬತ್ತು ಪುಸ್ತಕ ಬರೆದೆ. ತುರುವೇಕೆರೆಗೆ ವರ್ಗವಾಯಿತು. ಇಲಾಖೆಯಿಂದ ಬರೆಯಲು ಅನುಮತಿಯೂ ಸಿಕ್ಕಿತು. ಈಗ ಕೆಲಸ ಹೋಗುತ್ತದೆ ಅನ್ನುವ ನೆಪವೂ ಇರಲಿಲ್ಲ. ಆದರೂ ಮತ್ತೆ ನಾಲ್ಕು ವರ್ಷ ಸುಮ್ಮನಿದ್ದೆ. ಅವಳು ಎಲ್ಲಿದ್ದಾಳೋ ಗೊತ್ತಿಲ್ಲ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಬೋರನಕಣಿವೆ ಏನು ಕಾಶಿಯೇ? ಹುಳಿಯಾರಿಗೆ ಹೋದರೆ ಅಲ್ಲಿಂದ ಬೇಕಾದಷ್ಟು ಬಸ್ಸು.

ಕೊನೆಗೆ ಅವಳು ಕಂಡದ್ದು ತಿಪಟೂರಿನಲ್ಲಿ. ಅನುಮತಿ ಸಿಕ್ಕ ಮೇಲೆ ನನ್ನ ಗುರುತು ತಿಳಿದಿದ್ದ ಓದುಗರು ಕೆಲವರು ಸೇರಿ ನನಗೊಂದು ಸನ್ಮಾನ ಇಟ್ಟುಕೊಂಡಿದ್ದರು. ಮಧ್ಯಾಹ್ನ ಊಟ ಮುಗಿಸಿ, ಶಾಲು ಹೆಗಲ ಮೇಲೇ ಇತ್ತು, ಕೊಬ್ಬರಿ ಮಂಡಿಗಳ ಹಿಂದಿನ ರಸ್ತೆಯಲ್ಲಿ ಬರುತ್ತಿದ್ದೆ. ಶೆಡ್ಡೊಂದರ ಮುಂದೆ ಹೆಂಗಸರು ಸಾಲಾಗಿ ಕೂತು ಮಚ್ಚಿನಿಂದ ಚಿಪ್ಪು ಒಡೆದು ಕೊಬ್ಬರಿ ಉಂಡೆ ತೆಗೆಯುತ್ತಿದ್ದರು. ಅವರಲ್ಲಿ ಒಬ್ಬಳು ತಲೆಯೆತ್ತಿ, "ಮೇಷ್ಟ್ರಲ್ವಾ?" ಅಂದಳು.

ಕೂದಲು ಬೆಳ್ಳಗಾಗಿತ್ತು. ತಮ್ಮನ ಮನೆಯಿಂದ ಕೂಲಿಗೆ ಅಂತ ಇಲ್ಲಿಗೆ ಬಂದೆ, ಮಗಳನ್ನು ತುರುವೇಕೆರೆ ಕಡೆ ಒಂದು ಹಳ್ಳಿಗೆ ಕೊಟ್ಟೆ, ಮೊಮ್ಮಗು ಹುಟ್ಟಿದೆ ಅಂದಳು. ನಾನು ದಿನಾ ಸ್ಕೂಲಿಗೆ ಹೋಗುವ ದಾರಿಯಿಂದ ಆ ಹಳ್ಳಿ ಎರಡು ಮೈಲಿ ಅಷ್ಟೆ. ಅವಳನ್ನು ಶೆಡ್ಡಿನ ಪಕ್ಕಕ್ಕೆ ಕರೆದೆ. ಚಿಪ್ಪಿನ ರಾಶಿಯ ಹತ್ತಿರ ನಿಂತು ಹೇಳಿದೆ. ಬರೆದವನು ನಾನು. ಹಗ್ಗದ ಬಳೆ ಬಿಡಿಸಿದವನೂ ನಾನು. ಹಗ್ಗ ಹರಿದಿರಲಿಲ್ಲ. ಮಟ್ಟೆ ಅವನ ಕೈಯಲ್ಲಿತ್ತು.

ಅವಳು ಕೈಗಂಟಿದ್ದ ಚಿಪ್ಪಿನ ಪುಡಿಯನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ, "ನಿಮಗೆ ನನ್ ಮ್ಯಾಲೆ ಅನುಮಾನ ಇತ್ತಾ?" ಅಂತ ಕೇಳಿದಳು.

"ಇರಲಿಲ್ಲ. ಒಂದು ದಿನಾನೂ ಇರಲಿಲ್ಲ."

"ಇದ್ದಿದ್ರೆ ವಾಸಿಯಾಗಿತ್ತು" ಅಂದಳು. "ಊರೋರ್ಗೆ ಅನುಮಾನ ಇತ್ತು, ಅಂದ್ರು. ಅವರ್ನ ಏನ್ ಅನ್ಲಿ? ನೀವು ಎಲ್ಲಾ ಗೊತ್ತಿದ್ದೂ ಬರುದ್ರಿ. ನನ್ನ ಎದುರ್ಗೇ ಕೂತು ಅರ್ಜೀನೂ ಬರುದ್ರಿ."

ನಾನು ಕೈ ಮುಗಿದೆ. ಅವಳು ಅದನ್ನು ನೋಡಲೂ ಇಲ್ಲ. "ನಂಗ್ಯಾಕೆ ಹೇಳ್ತೀರಿ? ನಾನು ಮಾಡಿಲ್ಲ ಅಂತ ನಂಗೆ ಗೊತ್ತಿಲ್ವಾ? ಹೋಗಿ ನನ್ ಮಗಳಿಗೆ ಹೇಳಿ. ಮದುವೆ ಹಿಂದಿನ ದಿನ ನನ್ನ ಕೇಳುದ್ಲು, ಅವ್ವ, ನಿಜ ಹೇಳು, ನೀನು ಕುಯ್ದಿದ್ಯಾ ಅಂತ. ಹೊಟ್ಟೇಲಿ ಹುಟ್ಟಿದ್ ಮಗಳು." ಇಷ್ಟು ಹೇಳಿ ಹೋಗಿ ಮಚ್ಚು ಎತ್ತಿಕೊಂಡಳು.

ಮಾರನೆಯ ದಿನ ರಜೆ ಹಾಕಿ ಹೋದೆ. ಮಗಳು ಜಗುಲಿಯ ಮೇಲೆ ಅತ್ತೆಯ ಜೊತೆ ಅವರೆಕಾಯಿ ಸುಲಿಯುತ್ತಿದ್ದಳು, ಮಗು ಪಕ್ಕದಲ್ಲಿ ಮಲಗಿತ್ತು. ನನ್ನನ್ನು ಗುರುತಿಸಿ ಎದ್ದುನಿಂತಳು, ಚಾಪೆ ಹಾಕಿದಳು. ನಾನು ಕೂರಲಿಲ್ಲ. ಅತ್ತೆಯೂ ಕೇಳಿಸಿಕೊಳ್ಳಲಿ ಅಂತ ಗಟ್ಟಿಯಾಗಿಯೇ ಎಲ್ಲ ಹೇಳಿದೆ. ಅತ್ತೆ ಎರಡು ಸಲ, "ನೀವೇ ಬಿಡ್ಸಿದ್ರಾ? ನಿಮ್ ಕೈಯಾರೆ?" ಅಂತ ಕೇಳಿದಳು. ಹೌದು ಅಂದೆ. ಮಗಳು ಸುಲಿದ ಕಾಳುಗಳಲ್ಲಿ ಕೈ ಆಡಿಸುತ್ತಾ, "ನಮ್ ಕಡೆಗಿದ್ದೋರು ಊರಾಗೆ ನೀವೊಬ್ರೇ ಅಂದ್ಕಂಡಿದ್ದೆ ಮೇಷ್ಟ್ರೇ" ಅಂದಳು. ಮತ್ತೆ, "ನಮ್ಮವ್ವುನ್ನ ನಾನೂ ಕೇಳ್ಬಿಟ್ಟೆ. ನೀವು ಬರ್ದಿದ್ದಕ್ಕಿಂತ ಅದೇ ಹೆಚ್ಚು" ಅಂದಳು. ಕುಡಿಯಲು ನೀರು ಕೊಟ್ಟಳು. ಕುಡಿದು ಬಂದೆ.

ಅದೇ ವಾರ ಹಳೆಯ ಊರಿನ ಟೀ ಅಂಗಡಿಗೂ ಹೋದೆ. ಅಂಗಡಿಯವನಿಗೆ ವಯಸ್ಸಾಗಿತ್ತು. ಬೆಂಚಿನ ಮೇಲಿದ್ದ ಏಳೆಂಟು ಜನರ ಮುಂದೆ ಹೇಳಿದೆ. ಧಾರಾವಾಹಿ ಅವರಲ್ಲಿ ಅರ್ಧ ಜನಕ್ಕೆ ಮರೆತೇ ಹೋಗಿತ್ತು. ಹೆಂಡತಿ ಹಗ್ಗ ಕುಯ್ದದ್ದು ಮಾತ್ರ ಎಲ್ಲರಿಗೂ ನೆನಪಿತ್ತು. "ಆ ಕಥೆ ಬರೆದವನೇ ನಾನು, ಅದು ಸುಳ್ಳು" ಅಂದೆ.

"ಇರ್ಬೋದು ಬುಡಿ" ಅಂದ ಒಬ್ಬ. "ಆದ್ರೂ ಬೆಂಕಿ ಇಲ್ದೆ ಹೊಗೆ ಆಡ್ತದಾ?"

ಅಂಗಡಿಯವನು ಮಾತ್ರ ಲೋಟ ತೊಳೆಯುವುದನ್ನು ನಿಲ್ಲಿಸಿ, "ಓದಿದ್ದು ನಾನಲ್ವಾ ಮೇಷ್ಟ್ರೇ" ಅಂದ. ಟೀಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ಆ ಕಾದಂಬರಿಯನ್ನು ಮತ್ತೆ ಅಚ್ಚು ಹಾಕಬೇಡಿ ಅಂತ ಪ್ರಕಾಶಕರಿಗೆ ಬರೆದೆ. ಅವರು ಹಾಕಲಿಲ್ಲ, ಅಷ್ಟು ಹೊತ್ತಿಗೆ ಟೀವಿ ಬಂದು ಆ ಥರದ ಪುಸ್ತಕ ಕೇಳುವವರೇ ಕಡಿಮೆಯಾಗಿದ್ದರು, ಹಾಗಾಗಿ ಅದೇನೂ ನನ್ನ ತ್ಯಾಗವಲ್ಲ. ಒಪ್ಪಿಕೊಂಡಿದ್ದ ಎರಡು ಧಾರಾವಾಹಿ ಬರೆದು ಮುಗಿಸಿದೆ. ಆಮೇಲೆ ಬರೆಯಲು ಕೂತಾಗಲೆಲ್ಲ, ಕೊಲೆಗಾರ ಯಾರು ಅಂತ ತೀರ್ಮಾನಿಸುವ ಜಾಗಕ್ಕೆ ಬಂದು ಪೆನ್ನು ನಿಲ್ಲುತ್ತಿತ್ತು. ಬಿಟ್ಟುಬಿಟ್ಟೆ. ಹೆಂಡತಿ ಯಾಕೆ ಅಂತ ಕೇಳಲಿಲ್ಲ.

ಮಗಳು ತಿಪಟೂರಿಗೆ ಹೋಗಿ ತಾಯಿಯನ್ನು ಕರೆತಂದಳು ಅಂತ ಕೆಲವು ತಿಂಗಳ ಮೇಲೆ ಗೊತ್ತಾಯಿತು. ಹೇಳಿದವನು ಆ ಮಗಳ ಗಂಡ, ತುರುವೇಕೆರೆ ಸಂತೆಯಲ್ಲಿ. ಮದುವೆಯಾದ ಮೇಲೆ ಆ ತಾಯಿ ಮಗಳ ಮನೆಯ ಹೊಸಲು ದಾಟಿದ್ದು ಅದೇ ಮೊದಲಂತೆ. ಮೊಮ್ಮಗುವನ್ನು ನೋಡಿಕೊಂಡು ಅಲ್ಲೇ ಇದ್ದಾಳೆ ಅಂದ. ನನ್ನ ಬಗ್ಗೆ ಏನಾದರೂ ಅಂದರೇ ಅಂತ ಕೇಳಬೇಕು ಅನ್ನಿಸಿತು. ಕೇಳುವ ಧೈರ್ಯ ಬರಲಿಲ್ಲ. ಅವನು ಸೊಪ್ಪಿನ ಕಟ್ಟು ಹೆಗಲಿಗೆ ಹಾಕಿಕೊಂಡು, ಬತ್ತೀನಿ ಮೇಷ್ಟ್ರೇ ಅಂತ ಹೇಳಿ ಬಸ್ಸಿನ ಕಡೆ ಹೋದ.